ತಂಗಿಯ ಮೊಣಕೈ

ಆ ಊರಿನಲ್ಲಿ ಜೂಡೊ ಕಲಿತ ಮೊದಲ ಹೆಂಗಸು ಅವಳೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗಂಡಸರೇ ತುಂಬಿದ್ದ ಕ್ಲಬ್ಬಿನ ಬಾಗಿಲಲ್ಲಿ ಮೂರು ತಿಂಗಳು ನಿಂತು ನಿಂತು, ಕಡೆಗೂ ಒಳಗೆ ಸೇರಿಕೊಂಡಳು. ಸೇರಿಕೊಂಡರೇನು, ಅವಳೊಂದಿಗೆ ಸೆಣಸಲು ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಮನೆಯಲ್ಲಿ ಹಾಸಿಗೆಗಳನ್ನು ನೆಲಕ್ಕೆಳೆದು, ಹದಿನಾಲ್ಕರ ತಂಗಿಯ ಮೇಲೆ ಪಟ್ಟುಗಳನ್ನು ಪಳಗಿಸಿಕೊಂಡಳು.

ಒಂದು ಮಧ್ಯಾಹ್ನ ತಂಗಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಎಳೆದಳು. ತಂಗಿ ನೆಲ ತಟ್ಟಿದಳು. ಸಾಕು, ಬಿಡು ಎಂದು ಅದರ ಅರ್ಥ. ಅಕ್ಕನಿಗೆ ಕೇಳಿಸಿತು. ಆದರೆ ಆ ಪಟ್ಟು ಅಂದೇ ಮೊದಲ ಸಲ ಸರಿಯಾಗಿ ಕೂತಿತ್ತು; ಅದೇ ಖುಷಿಯಲ್ಲಿ ಇನ್ನೊಂದು ಚೂರು ಎಳೆದಳು. ಮೊಣಕೈ ಲಟಕ್ಕೆಂದಿತು.

“ಮೆಟ್ಟಿಲಿಂದ ಬಿದ್ದೆ,” ಎಂದಳು ತಂಗಿ, ಅಪ್ಪನಿಗೆ. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಮುಂದೆ ಅಕ್ಕ ಕಪ್ಪು ಬೆಲ್ಟು ಕಟ್ಟಿದಳು. ಸೈಕಲ್ ಅಂಗಡಿಯ ಮಹಡಿಯಲ್ಲಿ ಜೂಡೊ ಶಾಲೆ ತೆರೆದು ನೂರಾರು ಹುಡುಗಿಯರನ್ನು ತಯಾರು ಮಾಡಿದಳು. ತಂಗಿ ಹೊಲಿಗೆ ಅಂಗಡಿ ಇಟ್ಟಳು. ಅವಳ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಬಟ್ಟೆಯ ಆಚೆ ತುದಿ ಹಿಡಿಯಲು ಮೇಜನ್ನು ಸುತ್ತಿಕೊಂಡೇ ಹೋಗಬೇಕು. ಶಾಲೆಯಲ್ಲಿ, ಗೆಳತಿ ತಟ್ಟಿದರೂ ಕೈ ಬಿಡದ ಹುಡುಗಿಯೊಬ್ಬಳನ್ನು ಅಕ್ಕ ತಿಂಗಳ ಕಾಲ ಹೊರಗಿಟ್ಟಿದ್ದಳು. ಟೀಚರ್ ಬಲು ಕಟ್ಟುನಿಟ್ಟು ಎಂದುಕೊಂಡರು ಹುಡುಗಿಯರು.

ಅಕ್ಕನಿಗೆ ಅರವತ್ತಾದ ವರ್ಷ ಪತ್ರಿಕೆಯವನೊಬ್ಬ ಬಂದು, “ಮನೆಯವರ ಬೆಂಬಲ ಇತ್ತಾ ಮೇಡಂ?” ಎಂದು ಕೇಳಿದ. ಅಕ್ಕ ಅವನನ್ನು ಸಾಗಹಾಕಿ ನೇರ ತಂಗಿಯ ಅಂಗಡಿಗೆ ನಡೆದಳು.

“ಅವತ್ತು ನೀನು ತಟ್ಟಿದ್ದು ನಂಗೆ ಕೇಳಿಸಿತ್ತು ಕಣೇ.”

ತಂಗಿ ಕತ್ತರಿ ನಿಲ್ಲಿಸಲಿಲ್ಲ. “ಗೊತ್ತಕ್ಕಾ. ಮೂರು ಸಲ ತಟ್ಟಿದ್ದೆ.”

“ಅಪ್ಪನಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕ್ಲಬ್ಬು ಬಿಡಿಸ್ತಿದ್ರು. ನೀನು ಒಲೆ ಮುಂದೆ ನಿಂತ್ರೆ ಅಡುಗೆ ಸೀಸಿ ಹಾಕ್ತಿದ್ದೆ, ಸೂಜಿ ಕೊಟ್ರೆ ಬೆರಳಿಗೇ ಚುಚ್ಕೋತಿದ್ದೆ. ಇನ್ಯಾವುದಕ್ಕೆ ಲಾಯಕ್ಕಾಗಿದ್ದೆ ನೀನು?”

ಅಕ್ಕನಿಗೆ ನಗು ಬರಲಿಲ್ಲ. “ಸಿಟ್ಟಿರಲಿಲ್ವಾ?”

“ಇಲ್ದೆ ಏನು? ನಿನ್ನ ಶಾಲೆಗೆ ಒಂದು ದಿನವೂ ಕಾಲಿಡಲಿಲ್ವಲ್ಲ, ಪುರುಸೊತ್ತಿಲ್ಲ ಅಂದ್ಕೊಂಡಿದ್ಯಾ? ನೀನೇ ಬಂದು ಹೇಳ್ತೀಯಾ ಅಂತ ಕಾದೆ. ನಲವತ್ತೊಂದು ವರ್ಷ.”

ಮರುದಿನ ಅಕ್ಕ ಹುಡುಗಿಯರನ್ನೆಲ್ಲ ಕೂರಿಸಿಕೊಂಡು, ಒಂದಿಷ್ಟೂ ಮುಚ್ಚಿಡದೆ ನಡೆದದ್ದನ್ನು ಹೇಳಿದಳು. ಎಲ್ಲರಿಗಿಂತ ಚಿಕ್ಕವಳು ಕೇಳಿದಳು: “ಅವರಿಗೆ ಈಗ್ಲೂ ನೋಯುತ್ತಾ ಟೀಚರ್?”

“ಗೊತ್ತಿಲ್ಲ,” ಎಂದಳು. ಇಷ್ಟು ವರ್ಷಗಳಲ್ಲಿ ಅದೊಂದನ್ನು ಅವಳು ತಂಗಿಯನ್ನು ಕೇಳಿರಲೇ ಇಲ್ಲ. ತರಗತಿಯನ್ನು ಅರ್ಧಕ್ಕೇ ಬಿಟ್ಟು ಹೊಲಿಗೆ ಅಂಗಡಿಯ ಕಡೆ ಹೊರಟಳು.