ಅಕ್ಕ ಕುಡಿದ ಮೂರು ಬೊಗಸೆ

ಅಕ್ಕ ಕೆರೆಯ ನೀರನ್ನು ಮೂರು ಸಲ ಬೊಗಸೆಯಲ್ಲಿ ಎತ್ತಿ ಕುಡಿದಳು. ನಾನು ಅವಳ ಪಕ್ಕದಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಆ ನೀರಿನಲ್ಲಿ ಏನಿದೆ ಎಂಬುದು ಅಲ್ಲಿ ನೆರೆದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬೇಡ ಎನ್ನುವ ಎರಡಕ್ಷರ ನನ್ನ ಬಾಯಿಂದ ಹೊರಡಲಿಲ್ಲ.

ಅದು ನಮ್ಮ ಮನೆತನದ ಪದ್ಧತಿ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಮನೆಯ ಹೆಣ್ಣುಮಗಳು ತವರಿಗೆ ಬಂದು ಗಂಗಮ್ಮನಿಗೆ ಉಡಿ ತುಂಬುತ್ತಾಳೆ. ಕುಬಸದ ಕಣದ ಬಟ್ಟೆ, ಐದು ಹಿಡಿ ಅಕ್ಕಿ, ಉತ್ತತ್ತಿ, ಬಳೆ ನೀರಿಗೆ ಬಿಟ್ಟು, ಮೂರು ಬೊಗಸೆ ಕುಡಿದು, ನಾಲ್ಕನೆಯದನ್ನು ತಮ್ಮನ ಕೈಗೆ ಸುರಿಯುತ್ತಾಳೆ. ಅವನೂ ಕುಡಿಯಬೇಕು. ನಾನು ಕುಡಿಯಲಿಲ್ಲ. ಕೈಯನ್ನು ಬಾಯಿಗೆ ಒಯ್ದಂತೆ ಮಾಡಿ ನೀರನ್ನು ಮೊಣಕೈಗುಂಟ ಅಂಗಿಯ ತೋಳಿನೊಳಗೆ ಇಳಿಸಿದೆ.

“ಎಮ್ಮಿ ಕುಡದಂಗ ಕುಡೀತಿಯಲ್ಲಲೇ,” ಎಂದು ಅಕ್ಕ ನಕ್ಕಳು.

ನಮ್ಮೂರು ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ದಾರಿಯಿಂದ ಒಳಗಿದೆ. ನಾಲ್ಕನೇ ತರಗತಿಗೆ ಸಾಲಿ ಬಿಟ್ಟ ನನಗೆ ಬರುವುದು ಟ್ರ್ಯಾಕ್ಟರ್ ಓಡಿಸುವುದೊಂದೇ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ತೊಳೆಯುವ ಒಂದು ಕಡೆ ಎರಡು ವರ್ಷ ಟ್ಯಾಂಕರ್ ಎಳೆದೆ. ಬಣ್ಣ, ಬ್ಲೀಚು, ಕಲ್ಲಿನ ಪುಡಿ ಕಲೆತ ಕೊಚ್ಚೆಯನ್ನು ತುಂಬಿಕೊಂಡು ಎಲ್ಲಾದರೂ ಸುರಿದು ಬರುವ ಕೆಲಸ. ಮೊದಲ ವಾರವೇ ಮೇಸ್ತ್ರಿ ತನ್ನ ಅರ್ಧ ತೆಲುಗಿನಲ್ಲಿ ಕೇಳಿದ್ದ: “ಅಡಿಗೇವಾಡು ಎವಡೂ ಉಂಡಕೂಡದು. ಕೇಳಾಂವ ಯಾರೂ ಇರಬಾರದು, ಅಂಥಾ ಜಾಗ ಐತೇನೋ ನಿನ್ ಕಡೆ?”

“ಐತ್ರಿ, ನಮ್ಮೂರ ಹಳ್ಳ,” ಎಂದೆ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ನಾನಾಗಿಯೇ ಹೇಳಿದೆ.

ಕೆರೆಗೆ ನೀರು ತರುವ ಹಳ್ಳ ಅದು. ಆದರೆ ಮೂರು ವರ್ಷದಿಂದ ಅದರಲ್ಲಿ ಹನಿ ಹರಿದಿರಲಿಲ್ಲ. ನಡುವೆ ಬಳ್ಳಾರಿ ಜಾಲಿ ಬೆಳೆದಿತ್ತು, ಕೋಳಿ ಅಂಗಡಿಯವರು ಪುಕ್ಕ ತಂದು ಚೆಲ್ಲುತ್ತಿದ್ದರು. ಸತ್ತ ಹಳ್ಳಕ್ಕೆ ಏನು ಸುರಿದರೇನು ಎಂದುಕೊಂಡೆ. ನಾಯಿಯೂ ಹೊರಬರದ ಮಟಮಟ ಮಧ್ಯಾಹ್ನ ಹೋಗಿ ನಲ್ಲಿ ತಿರುವುತ್ತಿದ್ದೆ. ನೀಲಿಗಪ್ಪು ನೊರೆ ಬುಸುಗುಡುತ್ತ ಬೀಳುತ್ತಿತ್ತು. ಕೊಳೆತ ತತ್ತಿಯ ನಾತ. ಮೂಗಿಗೆ ಟವೆಲು ಕಟ್ಟಿ ನಿಂತು, ಟ್ಯಾಂಕರ್ ಖಾಲಿಯಾದ ಮೇಲೆ ಅದೇ ಕೈಯಲ್ಲಿ ಮಂಡಾಳು ಮಿರ್ಚಿ ತಿನ್ನುತ್ತಿದ್ದೆ. ಮರುದಿನ ನೋಡಿದರೆ ಮರಳಿನ ಮೇಲೆ ಒಣಗಿ ಒಡೆದ ನೀಲಿ ಹೆಕ್ಕಳಿಕೆ ಮಾತ್ರ ಇರುತ್ತಿತ್ತು. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳುವಷ್ಟು ಓದಿರಲಿಲ್ಲ ಎನ್ನಲಾರೆ. ಅದಕ್ಕೆ ಓದು ಬೇಕಿಲ್ಲ.

ನಾವು ಸಣ್ಣವರಿದ್ದಾಗ ಮಳೆ ನಕ್ಷತ್ರ ಹಿಡಿದು ಬರುತ್ತಿತ್ತು. ಉತ್ತರಿಗೆ ಒಂದು ಗೇಣು, ಹಸ್ತಕ್ಕೆ ಎರಡು ಗೇಣು ಎಂದು ಕೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಈಗ ವರ್ಷಗಟ್ಟಲೆ ಬಾರದೆ, ಬಂದರೆ ಒಂದೇ ಸಂಜೆಗೆ ವರ್ಷದ್ದೆಲ್ಲ ಸುರಿದು ಹೋಗುತ್ತದೆ. ಅಕ್ಕ ಆ ನೀರು ಕುಡಿದ ವರ್ಷವೂ ಹಾಗೇ ಆಯಿತು. ಹಳ್ಳ ದಡ ತುಂಬಿ ಹರಿಯಿತು. ಹೂಳು ತುಂಬಿ ತಟ್ಟೆಯಂತಾಗಿದ್ದ ಕೆರೆ ಬೆಳಗಾಗುವುದರೊಳಗೆ ಕೋಡಿ ಬಿತ್ತು. ನಾನು ಎರಡು ವರ್ಷ ಸುರಿದದ್ದೆಲ್ಲ ಆ ನೀರಿನಲ್ಲೇ ಇತ್ತು. ತೂಬಿನ ಮೂಲೆಯಲ್ಲಿ ನೊರೆ ಗಡ್ಡೆಗಟ್ಟಿ ನಿಂತಿತ್ತು.

“ಹೊಸಾ ನೀರು, ಹಂಗ ಇರ್ತೈತಿ,” ಎಂದರು ಹಿರಿಯರೊಬ್ಬರು. ಹೌದೆಂದು ತಲೆಯಾಡಿಸಿದೆ.

ಸಿರಿಗೇರಿಯ ಗಂಡನ ಮನೆಗೆ ಮರಳಿದ ನಾಲ್ಕೇ ದಿನಕ್ಕೆ ಅಕ್ಕನಿಗೆ ವಾಂತಿ ಹಿಡಿಯಿತು. ಬಾಯಿ, ಗಂಟಲು ಹುಣ್ಣಾಗಿ ರೊಟ್ಟಿ ನುಂಗಲಾಗದೆ ತಿಂಗಳು ಗಂಜಿಯ ಮೇಲಿದ್ದಳು. ಸಿರುಗುಪ್ಪದ ಡಾಕ್ಟರು ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳಿದರೆ ಕೆರೆಯ ಮಾತು ಎತ್ತಲಿಲ್ಲ. ಗಂಗಮ್ಮನ ಮೇಲೆ ಯಾರು ದೂರು ಹೇಳುತ್ತಾರೆ? ನನಗೆ ಫೋನಿನಲ್ಲಿ ಹೇಳಿದ್ದು ಬೇರೆ: “ಅವತ್ತು ಉಪಾಸ ಇರಬೇಕಿತ್ತೋ. ಹಸಿವು ತಡೀಲಾರದ ಬಸ್ ಸ್ಟ್ಯಾಂಡಿನಾಗ ಎರಡು ಮಿರ್ಚಿ ತಿಂದೆ. ಅದಕ್ಕ ತಾಯಿ ಬಾಯಿಗೇ ಬರಿ ಹಾಕಿದ್ಲು.”

“ಹಂಗೂ ಇರಬಹುದು ಬಿಡಕ್ಕ,” ಎಂದೆ.

ಟ್ಯಾಂಕರಿನ ನಾತಕ್ಕಿಂತ ಆ ಮಾತಿನ ನಾತ ನನಗೆ ಹೆಚ್ಚು ಹೇಸಿಗೆ. ಅಂದಿನಿಂದ ಅವಳು ಪ್ರತಿ ಶುಕ್ರವಾರ ಉಪವಾಸ ಮಾಡತೊಡಗಿದಳು. ನಾನು ಕೆಲಸ ಬಿಟ್ಟೆ, ಪುಣ್ಯಕ್ಕಲ್ಲ, ಸಿಕ್ಕಿಬೀಳುವ ಹೆದರಿಕೆಗೆ. ಬೇಸಿಗೆಯ ಬಿಸಿಲಿಗೆ ಕೆರೆ ಹೊಂಡವಾಯಿತು. ಮೇಲೆ ಹಸಿರು ಕೆನೆ ಕಟ್ಟಿತು, ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು, ಕೊಕ್ಕರೆ ಅವನ್ನು ಮುಟ್ಟಲಿಲ್ಲ.

ಈ ವರ್ಷ ಮತ್ತೆ ಒಂದೇ ಸಂಜೆಯ ಮಳೆಗೆ ಕೆರೆ ಕೋಡಿ ಬಿತ್ತು. ಅಕ್ಕ ಉಪವಾಸವಿದ್ದೇ ಬಸ್ಸು ಹತ್ತಿ ಬಂದಳು. ಉಡಿ ಬಿಟ್ಟು ಕೈ ಮುಗಿದಳು. “ತಪ್ಪಾತವ್ವಾ ತಾಯಿ. ಹಸಿವಿಗೆ ತಿಂದೆ. ನನ್ ತಪ್ಪು ಹೊಟ್ಟಿಗೆ ಹಾಕ್ಕೋ.” ಬಗ್ಗಿ ಬೊಗಸೆ ತುಂಬಿಕೊಂಡಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ನೀರು ಚೆಲ್ಲಿತು.

“ಏನಲೇ, ಬಳಿ ಒಡೀತಿ.”

“ಕುಡೀಬ್ಯಾಡಕ್ಕ. ಈ ನೀರು ನಾ ಕೆಡಿಸೀನಿ.”

ಟ್ಯಾಂಕರು, ಹಳ್ಳ, ಮೇಸ್ತ್ರಿ, ಎಲ್ಲ ಹೇಳಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

“ಅವತ್ತು ನೀನೂ ಕುಡದಿ ಅಲ್ಲ?”

“ಇಲ್ಲ. ಅಂಗಿಯೊಳಗ ಬಿಟ್ಕೊಂಡೆ.”

ಅವಳು ನನ್ನ ಮುಖ ನೋಡಲಿಲ್ಲ. ತೇಲಿ ಹೋಗುತ್ತಿದ್ದ ಕುಬಸದ ಕಣ ನೋಡುತ್ತ ಕೇಳಿದಳು: “ಹಂಗಾದ್ರ ಇಷ್ಟು ದಿನ ನಾ ಯಾಕ ತಪ್ಪಾತು ಅಂದೆ?”

“ನೀ ಅನ್ನೋದಲ್ಲಕ್ಕ, ನಾ ಅನ್ನಬೇಕಿತ್ತು,” ಎಂದೆ. “ಹೊಟ್ಟಿಗೆ ಹಾಕ್ಕೋ ಅನ್ನಾಕ ನನಗ ಬಾಯಿಲ್ಲ, ಮೊದಲ ಆ ಕೊಚ್ಚಿ ನಿನ್ ಹೊಟ್ಟಿಗೆ ಹಾಕೀನಿ. ತಪ್ಪಾತಕ್ಕ.”