ಉಪ್ಪು ನೋಡುವವಳು

ಸತ್ತವರಿಗೆ ಬಡಿಸುವ ಅಡುಗೆಯ ರುಚಿ ನೋಡಬಾರದು. ನಮ್ಮ ತುಳುವರ ಮನೆಗಳಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ತೀರಿಹೋದ ಹಿರಿಯರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ, ಕೋಳಿ, ಮೀನು, ಕಳ್ಳು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆ. ಅವರು ಉಂಡ ಮೇಲೆ ನಮ್ಮ ಊಟ. ಅಲ್ಲಿಯ ತನಕ ಒಂದು ತೊಟ್ಟು ಸಾರೂ ಯಾರ ನಾಲಗೆಗೂ ತಾಗಬಾರದು.

ಪಡೀಲಿನ ನಮ್ಮ ಮನೆಯಲ್ಲಿ ಮಾತ್ರ ಇದಕ್ಕೊಂದು ವಿನಾಯಿತಿ ಇತ್ತು. ಮೊದಲ ಎಲೆಗೆ ಹೋಗುವ ಕೋಳಿ ಗಸಿಯ, ಆ ಗಟ್ಟಿ ಸಾರಿನ, ಉಪ್ಪನ್ನು ಮನೆಯ ಹೆಣ್ಣೊಬ್ಬಳು ನೋಡಲೇಬೇಕು. ಹತ್ತು ವರ್ಷದವಳಿದ್ದಾಗಿನಿಂದ ಆ ಹೆಣ್ಣು ನಾನು. ಅಜ್ಜಿ ನನ್ನ ಅಂಗೈಗೆ ನಾಲ್ಕು ಹನಿ ಗಸಿ ಬಿಟ್ಟು ಕಾಯುತ್ತಿದ್ದಳು. "ಸರಿಯಾಗಿ ನೋಡು ಮಗಾ. ಅಣ್ಣನಿಗೆ ಉಪ್ಪು ಕಮ್ಮಿಯಾದರೆ ಆಗುವುದಿಲ್ಲ." ನಾನು ಕಣ್ಣು ಮುಚ್ಚಿ, ನಾಲಗೆ ಚಪ್ಪರಿಸಿ, ದೊಡ್ಡ ತೀರ್ಪು ಕೊಡುವವಳ ಹಾಗೆ "ಸರಿ ಉಂಟು" ಎನ್ನುತ್ತಿದ್ದೆ. ನನ್ನ ಅಣ್ಣನಿಗೂ ತಂಗಿಗೂ ಸಿಗದ ಅಧಿಕಾರ ನನಗೆ ಸಿಕ್ಕಿದ್ದಕ್ಕೆ ಜಂಬವೋ ಜಂಬ.

ಆ ಮೊದಲ ಎಲೆ ಅಜ್ಜಿಯ ಅಣ್ಣನದು. ಅವರ ಫೋಟೋ ಮನೆಯಲ್ಲಿ ಇರಲಿಲ್ಲ. ಎಲ್ಲಿ ತೀರಿಕೊಂಡರು ಎಂದು ಕೇಳಿದರೆ "ದೂರದ ಊರಲ್ಲಿ" ಎನ್ನುತ್ತಿದ್ದರು. ಸುಳ್ಳೇನಲ್ಲ. ಜೈಲು ದೂರದಲ್ಲೇ ಇತ್ತು.

ನನಗೆ ಇದು ಗೊತ್ತಾದದ್ದು ಮಗಳು ಹೊಟ್ಟೆಯಲ್ಲಿದ್ದ ವರ್ಷ. ಆ ಸಲ ಅಜ್ಜಿ ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿದಳು. ಬಸುರಿ ಅದನ್ನು ನಾಲಗೆಗೆ ಇಡುವುದು ಬೇಡ ಎಂದಳು. ನಾನು ಬಿಡಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳದೆ ಇರುವ ಜಾತಿ ನಾನಲ್ಲ. ಕೊನೆಗೆ ಅಜ್ಜಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆಂಕಿಗೆ ಹೇಳಿದ ಹಾಗೆ ಹೇಳಿದಳು.

"ಆ ದಿನ ಗಸಿ ಮಾಡಿದ್ದು ನಾನು. ಉಪ್ಪು ಹಾಕಲು ಮರೆತೆ. ಹದಿನಾರು ವರ್ಷ, ನೋಡು, ತಲೆ ಎಲ್ಲಿತ್ತೋ. ಅಣ್ಣ ಒಂದು ತುತ್ತು ಬಾಯಿಗಿಟ್ಟು, ಯಾರು ಮಾಡಿದ್ದು ಅಂತ ಕೇಳಿದ. ನಾನು ಬಾಯಿ ಬಿಡಲಿಲ್ಲ. ಅತ್ತಿಗೆ ಉಪ್ಪಿನ ಭರಣಿ ತರುವ ಅಂತ ಎದ್ದಳು. ಅವಳು ಎದ್ದದ್ದು ನೋಡಿ, ಅವಳೇ ಮಾಡಿದ್ದು ಅಂತ ತಿಳಿದುಕೊಂಡ. ಒನಕೆ ಅಲ್ಲೇ ಗೋಡೆಗೆ ಒರಗಿಸಿ ಇತ್ತು. ಒಂದಲ್ಲ, ಮೂರು ಪೆಟ್ಟು."

ಆಮೇಲೆ ಅವನು ಅವಳನ್ನು ಅಂಗಳದ ಬಾವಿಗೆ ಹಾಕಿ, ಕಾಲು ಜಾರಿ ಬಿದ್ದಳು ಎಂದು ಊರಿಗೆಲ್ಲ ಹೇಳಿದನಂತೆ. ಅವಳ ತವರಿನವರು ನಂಬದೆ ಪೊಲೀಸರ ಹತ್ತಿರ ಹೋದರು. ಅಜ್ಜಿ ಕೋರ್ಟಿಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿ, ಒಡಹುಟ್ಟಿದವನನ್ನು ಗಲ್ಲಿಗೆ ಕಳಿಸಿದಳು. ಅಷ್ಟು ಎದೆಗಾರಿಕೆ ಇತ್ತು ಅವಳಿಗೆ. "ಎಲ್ಲ ಹೇಳಿದೆ ಮಗಾ. ಗಸಿ ಮಾಡಿದ್ದು ಯಾರು ಅಂತ ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ."

"ಅತ್ತಿಗೆಗೆ ಎಲೆ ಇಡುವುದಿಲ್ವಾ?" ಎಂದು ಕೇಳಿದೆ.

"ಅವಳು ನಮ್ಮ ಮನೆಯವಳಲ್ಲವಲ್ಲ."

ನಮ್ಮಲ್ಲಿ ಸಂತಾನ ತಾಯಿಯ ಕಡೆಯಿಂದ. ಮದುವೆಯಾದರೂ ಹೆಣ್ಣು ತನ್ನ ತಾಯಿಯ ಮನೆಯವಳೇ, ಸತ್ತರೂ ಅವಳ ಎಲೆ ಅಲ್ಲೇ. ಹೆಂಗಸಿಗೆ ಗೌರವ ಕೊಡುವ ಪದ್ಧತಿ ಎಂದು ಇದನ್ನು ನಾನೇ ಎಷ್ಟೋ ಜನರ ಮುಂದೆ ಹೊಗಳಿದ್ದೇನೆ. ಆ ದಿನ ಕಂಡದ್ದು ಇಷ್ಟು: ಕೊಂದವನಿಗೆ ವರ್ಷ ವರ್ಷ ಕೋಳಿ, ಕಳ್ಳು, ಅವನ ಉಪ್ಪು ನೋಡಲು ಹೆಣ್ಣಿನ ನಾಲಗೆ, ಸತ್ತವಳಿಗೆ ಒಂದು ತುಂಡು ಎಲೆಯೂ ಇಲ್ಲ. ನಾನು ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ಬಸುರಿಯ ವಾಂತಿ ಎಂದು ಅಮ್ಮ ಲಿಂಬೆ ಹಣ್ಣು ತಂದು ಮೂಗಿಗೆ ಹಿಡಿದಳು. ಅಂಗೈಯನ್ನು ಎಷ್ಟು ತೊಳೆದರೂ ಹೇಸಿಗೆ ಹೋಗಲಿಲ್ಲ. ಅಜ್ಜಿಯ ಮೇಲೂ ಹೇಸಿಗೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ನಾನು ಆ ಗಸಿ ಮುಟ್ಟಲಿಲ್ಲ. ಅಮ್ಮ ಉಪ್ಪು ನೋಡುತ್ತಿದ್ದಳು. ಅಮ್ಮ ತೀರಿದ ಮೇಲೆ ನಾಲ್ಕು ವರ್ಷ ಯಾರೂ ನೋಡಲಿಲ್ಲ. ಪೀಡೆ ಕಳೆಯಿತು ಎಂದುಕೊಂಡೆ.

ನನ್ನ ಮಗಳಿಗೆ ಎರಡು ಸಲ ನಿಶ್ಚಯವಾಗಿ ಎರಡೂ ಸಲ ಮುರಿಯಿತು. ಅವಳು ಸುರತ್ಕಲ್ಲಿನಲ್ಲಿ ಕೆಲಸ ಮಾಡಿಕೊಂಡು ಆರಾಮಾಗಿ ಇದ್ದಾಳೆ; ನಿದ್ದೆ ಬಾರದ್ದು ನನ್ನ ಅಣ್ಣನಿಗೆ. ದುಬೈಯಲ್ಲಿ ದುಡಿದು ಬಂದು, ಈಗ ಮನೆಯ ಯಜಮಾನಿಕೆ ಮಾಡುವವನು. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ. ಗಲ್ಲಿಗೆ ಹೋದ ಹಿರಿಯರೊಬ್ಬರಿಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ, ಹುಡುಗಿಯೇ ಉಪ್ಪು ನೋಡಿ ಬಡಿಸಿ, ಒಳ್ಳೆಯ ಗಂಡ ಸಿಗಲಿ ಎಂದು ಅವರಲ್ಲಿ ಬೇಡಿಕೊಳ್ಳಬೇಕು ಎಂದು ಬಂತಂತೆ.

ಹೆಂಡತಿಯನ್ನು ಕೊಂದವನ ಮುಂದೆ ನನ್ನ ಮಗಳು ಒಳ್ಳೆಯ ಗಂಡನನ್ನು ಬೇಡಬೇಕು.

"ಅವಳನ್ನು ಬಿಟ್ಟುಬಿಡು" ಎಂದೆ.

"ಎಂತ ಹೋಗ್ತದೆ ಮಾರಾಯ್ತಿ ಒಮ್ಮೆ ಕೈ ಮುಗಿದರೆ? ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರ್ತದಾ? ಅವರೂ ಅನುಭವಿಸಿ ಹೋಗಿದ್ದಾರಲ್ಲ" ಎಂದ ಅಣ್ಣ. ಗಾದೆಯೇನೋ ಚೆನ್ನಾಗಿದೆ. ಮೂಗು ಹೋದದ್ದು ಯಾರದ್ದು ಎಂದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆ ಬಾವಿಯನ್ನು ಮುಚ್ಚಿಸಿ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದ್ದಾನೆ. ಅದರ ಮೇಲೆ ಅವನ ಕಾರು ನಿಲ್ಲುತ್ತದೆ.

ಈ ಆಟಿಯ ಆ ಸಂಜೆ ಗಸಿ ಮಾಡಿದವಳು ನಾನು; ಉಪ್ಪು ಇನ್ನೂ ಹಾಕಿರಲಿಲ್ಲ. ಮಗಳು ಬಸ್ಸಿಳಿದು ಬಂದು, ಸ್ನಾನ ಮಾಡಿ, ಅಡುಗೆಮನೆಗೆ ಬಂದಳು. ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ನಾನೂ ಬಾಯಿ ಬಿಟ್ಟಿರಲಿಲ್ಲ. ಅಜ್ಜಿಯನ್ನು ಕಂಡು ಹೇಸಿದ ನಾನು ಮಾಡಿದ್ದೂ ಅದನ್ನೇ.

"ಒಂದು ಚಮಚ ತಾನೆ ಅಮ್ಮ? ನೋಡಿಬಿಡ್ತೇನೆ. ಮಾವನಿಗೂ ಸಮಾಧಾನ ಆಗ್ತದೆ" ಎಂದು ಸೌಟು ಎತ್ತಿದಳು.

ಅವಳ ಕೈ ಹಿಡಿದುಕೊಂಡೆ. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಒನಕೆಯನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಸೌಟನ್ನು ಮೆಲ್ಲಗೆ ಪಾತ್ರೆಗೆ ಬಿಟ್ಟಳು.

"ಅವರ ಹೆಸರು ಎಂತ?"

"ಯಾರದ್ದು?"

"ಆ ಅತ್ತಿಗೆಯದ್ದು."

ನನಗೆ ಗೊತ್ತಿರಲಿಲ್ಲ. ಕೊಂದವನ ಹೆಸರು ಹಿಡಿದು ವರ್ಷ ವರ್ಷ ಕರೆದಿದ್ದೇವೆ. ಅವಳ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ, ಇನ್ನು ಯಾರನ್ನು ಕೇಳುವುದು?

"ನಾನು ಬರುವುದಿಲ್ಲ ಅಮ್ಮ" ಎಂದು ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತಳು. ಅಣ್ಣ ಹೊರಗಿನಿಂದ ಎರಡು ಸಲ ಕರೆದ. ಅವಳು ಏಳಲಿಲ್ಲ. ನಾನು ಉಪ್ಪಿನ ಭರಣಿಯ ಮುಚ್ಚಳ ತೆಗೆಯದೆ ಗಸಿಯನ್ನು ಇಳಿಸಿ, ಹಾಗೆಯೇ ತೆಗೆದುಕೊಂಡು ಹೋಗಿ ಮೊದಲ ಎಲೆಗೆ ಬಡಿಸಿದೆ. ಬೇಡಿಕೊಳ್ಳುವ ಕೆಲಸವನ್ನು ಅಣ್ಣನೇ ಮಾಡಿ ಮುಗಿಸಿದ. ಬಾಗಿಲು ಎಳೆದೆವು. ಒಳಗೆ ಏನೂ ಬೀಳಲಿಲ್ಲ, ಯಾರೂ ಕಿರುಚಲಿಲ್ಲ. ಸತ್ತವನಿಗೆ ಒನಕೆ ಎತ್ತಲು ಆಗುವುದಿಲ್ಲ.

ಬಾಗಿಲು ತೆರೆದು, ಎಲೆಗಳನ್ನು ಎತ್ತಿ, ನಾವೆಲ್ಲ ಊಟಕ್ಕೆ ಕೂತೆವು. ಮಗಳೂ ಬಂದು ನನ್ನ ಎದುರು ಕೂತಳು. ಅಣ್ಣ ರೊಟ್ಟಿ ಮುರಿದು, ಗಸಿ ಸುರಿದುಕೊಂಡು, ಒಂದು ತುತ್ತು ಬಾಯಿಗಿಟ್ಟ. ಜಗಿಯುವುದು ನಿಂತಿತು. ಮುಖ ಕಿವುಚಿಕೊಂಡ.

"ಯಾರು ಮಾಡಿದ್ದು ಇದು?"

ಅವನು ಕೆಟ್ಟವನಲ್ಲ, ಕೈ ಎತ್ತಿದವನೂ ಅಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಅತ್ತಿಗೆ, ಅವನ ಹೆಂಡತಿ, ತನ್ನ ತುತ್ತನ್ನು ಎಲೆಗೇ ಬಿಟ್ಟು, ಎಂಜಲು ಕೈಯಲ್ಲೇ ಉಪ್ಪು ತರಲು ಎದ್ದಿದ್ದಳು. ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ ಅದು. ಎಡಗೈಯಿಂದ ಅವಳ ಸೆರಗು ಹಿಡಿದೆಳೆದು ಕೂರಿಸಿದೆ.

"ನಾನು" ಎಂದೆ. "ಮಾಡಿದ್ದು ನಾನು ಅಣ್ಣ. ಉಪ್ಪು ಒಳಗೆ ಭರಣಿಯಲ್ಲಿ ಉಂಟು. ಬೇಕಾದರೆ ನೀನೇ ಎದ್ದು ತಗೊಂಡು ಬಾ."

ಅಣ್ಣ ನನ್ನನ್ನು ನೋಡಿದ. ಮಗಳೂ ಅತ್ತಿಗೆಯೂ ಅವನನ್ನು ನೋಡಿದರು. ಅವನು ಏಳಲಿಲ್ಲ. ತಲೆ ತಗ್ಗಿಸಿ, ರೊಟ್ಟಿಯನ್ನು ಗಸಿಯಲ್ಲಿ ಅದ್ದಿ ಅದ್ದಿ, ಉಪ್ಪಿಲ್ಲದ್ದನ್ನೇ ಪೂರ್ತಿ ಉಂಡ.

ಉಣ್ಣಲು ಆಗುತ್ತಿತ್ತು, ಅಷ್ಟೇ.