ರೊವೆನಾ ಹಂಚಿದ ಎಲೆಗಳು

ರೊವೆನಾ ಡಿಮಾಯುಗಾ ಒಂದು ಕಡೆ ಕೂತು ಬೆಳೆದವಳಲ್ಲ. ಲೆಮೆರಿ ಎಂಬ ಊರಿನ ಜೀಪ್ನಿ ಬಸ್ಸುಗಳ ನಿಲ್ದಾಣದ ಪಕ್ಕ ಅವಳ ತಾಯಿಯದೊಂದು ಲೋಮಿ ಅಂಗಡಿ. ಗಟ್ಟಿ ಸಾರಿನ ಶಾವಿಗೆಯ ಬಟ್ಟಲು ಹೊತ್ತು ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಅವಳ ಬಾಲ್ಯ ಕಳೆಯಿತು. ಆಮೇಲೆ ಮನಿಲಾದ ದೊಡ್ಡ ಅಂಗಡಿಯೊಂದರ ಚಪ್ಪಲಿ ವಿಭಾಗದಲ್ಲಿ ಆರು ವರ್ಷ ನಿಂತೇ ದುಡಿದಳು. ಐದು ತಿಂಗಳಿಗೊಮ್ಮೆ ಗುತ್ತಿಗೆ ಮುಗಿಯುತ್ತಿತ್ತು, ಮತ್ತೆ ಹೋಗಿ ಕೈಮುಗಿಯಬೇಕಿತ್ತು. ಹೀಗಾಗಿ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಾಗ ಅವಳ ಕಾಲುಗಳಿಗೇ ನಂಬಿಕೆ ಬರಲಿಲ್ಲ. ಮೇಜಿನ ಕೆಳಗೆ ಅವು ಸುಮ್ಮನಿರದೆ ಅಲುಗುತ್ತಿದ್ದವು.

ಆ ಮೇಜು ಮನಿಲಾ ಪಕ್ಕದ ಪಾಸಾಯ್‌ನ ಕಟ್ಟಡವೊಂದರ ಏಳನೇ ಮಹಡಿಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ, ಹಸಿರು ಬಟ್ಟೆ ಹೊದ್ದ ಮೇಜು, ಮೂರು ಕ್ಯಾಮೆರಾ. ಅವಳು ಇಸ್ಪೀಟೆಲೆ ಹಂಚುತ್ತಿದ್ದಳು. ಆಡುವವರು ಬೇರೆ ಬೇರೆ ದೇಶಗಳಲ್ಲಿ, ತಮ್ಮ ತಮ್ಮ ಮೊಬೈಲಿನ ಮುಂದೆ. ಎರಡು ಪಕ್ಷ, ಒಂದರ ಮೇಲೆ ದುಡ್ಡು ಕಟ್ಟುವುದು, ಒಂಬತ್ತಕ್ಕೆ ಯಾವುದರ ಎಲೆ ಹತ್ತಿರವೋ ಅದು ಗೆದ್ದಿತು, ಅಷ್ಟೇ ಆಟ. ಆಟ ಮುಗಿದಾಗೊಮ್ಮೆ ಎರಡೂ ಅಂಗೈ ತೆರೆದು ಕ್ಯಾಮೆರಾಗೆ ತೋರಿಸಬೇಕು, ಏನೂ ಬಚ್ಚಿಟ್ಟಿಲ್ಲ ಎಂದು. ಪರದೆಯ ಮೇಲೆ ಅವಳ ಹೆಸರು ಸೋಫಿಯಾ. ಕಂಪನಿಯ ಪರವಾನಗಿ ಯಾವುದೋ ದ್ವೀಪದ್ದು. ಆ ದ್ವೀಪವನ್ನು ನೋಡಿದವರು ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಆಡುವವರು ಬರೆದದ್ದು ಅವಳೆದುರಿನ ಚಿಕ್ಕ ಪರದೆಯಲ್ಲಿ ಮೂಡುತ್ತಿತ್ತು. ಕೆಲವರು ಬೈಯುತ್ತಿದ್ದರು, ಕೆಲವರು ಮದುವೆಯಾಗು ಎನ್ನುತ್ತಿದ್ದರು. ಎರಡಕ್ಕೂ ಒಂದೇ ನಗೆ. ಹನ್ನೊಂದು ತಿಂಗಳು ಹೀಗೆ ಕಳೆದ ಮೇಲೆ, ಏಪ್ರಿಲ್‌ನ ಒಂದು ಬೆಳಿಗ್ಗೆ, ‘ಬರಾಕೊ7’ ಎಂಬ ಹೆಸರಿನವನೊಬ್ಬ ಅವಳ ತಾಯಿನುಡಿ ಟಗಾಲೊಗ್‌ನಲ್ಲಿ ಬರೆದ: ‘ಆ ಮೂರನೇ ಎಲೆ ಸ್ವಲ್ಪ ನಿಧಾನಕ್ಕೆ ತಿರುಗಿಸೇ, ವೆಂಗ್.’

ವೆಂಗ್ ಅನ್ನುವುದು ಮನೆಯವರು ಕರೆಯುವ ಹೆಸರು. ಅವಳ ಕೈ ಎಲೆಯ ಮೇಲೆ ಒಂದು ಕ್ಷಣ ನಿಂತೇಬಿಟ್ಟಿತು. ತಮ್ಮೂರ ಕಡೆಯ ಬರಾಕೊ ಕಾಫಿಯ ಹೆಸರು ಇಟ್ಟುಕೊಂಡು, ತಂಗಿಯನ್ನು ಹೀಗೆ ರೇಗಿಸುವವನು ಲೋಕದಲ್ಲಿ ಒಬ್ಬನೇ: ಅಣ್ಣ ಇಸಾಗಾನಿ, ಮನೆಯಲ್ಲಿ ಗಾನಿ, ಅವಳ ಬಾಯಲ್ಲಿ ‘ಕುಯಾ’, ಅಂದರೆ ಅಣ್ಣ. ತೈವಾನಿನ ತೈಚುಂಗ್‌ನಲ್ಲಿ ನಟ್ಟು-ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ದುಡಿಯುತ್ತಿದ್ದ. ಊರಿಗೆ ಮರಳಿ ಎಂಜಿನ್ ಇರುವ ಸ್ವಂತ ದೋಣಿ ಕೊಳ್ಳಬೇಕೆಂಬುದು ಅವನ ಆಸೆ.

ಊಟದ ಬಿಡುವಿನಲ್ಲಿ ಮೆಟ್ಟಿಲಿಗೆ ಓಡಿ ಫೋನ್ ಮಾಡಿದಳು.

“ಕುಯಾ, ನಿಂಗೇನು ತಲೆ ಕೆಟ್ಟಿದೆಯಾ? ಅಲ್ಲಿ ಏನ್ ಮಾಡ್ತಾ ಇದ್ದೆ?”

“ಸೋಫಿಯಾ ಮೇಡಂ ನೋಡ್ತಾ ಇದ್ದೆ,” ಗಾನಿ ನಕ್ಕ. “ಲಿಪ್‌ಸ್ಟಿಕ್ ಜಾಸ್ತಿ ಆಯ್ತು. ಅಮ್ಮ ನೋಡಿದ್ರೆ ಲೋಮಿ ಸೌಟಲ್ಲಿ ಬಾರಿಸ್ತಾಳೆ.”

“ಆಡ್ತಾ ಇದ್ದೀಯಾ ಅಂತ ಕೇಳಿದೆ.”

“ಈಗಷ್ಟೇ ಶುರು ಮಾಡಿದ್ದು ಕಣೇ. ಸೇರಿದ್ದಕ್ಕೆ ಅವ್ರೇ ಒಂದಿಷ್ಟು ಬೋನಸ್ ಹಾಕಿದ್ರು. ಹಾಸ್ಟೆಲಲ್ಲಿ ಹೊತ್ತು ಹೋಗ್ಬೇಕಲ್ಲ? ಬೇರೆ ಕಡೆ ಆದ್ರೆ ಮೋಸ ಇರಬಹುದು. ಇಲ್ಲಿ ಎಲೆ ಹಾಕೋಳು ನನ್ ತಂಗಿ. ನೀನು ಮೋಸ ಮಾಡ್ತೀಯಾ, ಹೇಳು?”

“ಎಲೇಲಿ ಮೋಸ ಇಲ್ಲ ಕುಯಾ. ಮೋಸ ಮಾಡೋ ಅಗತ್ಯಾನೇ ಇಲ್ಲ ಅವ್ರಿಗೆ. ದಿನಕ್ಕೆ ನಾನೂರು ಆಟ ಹಾಕ್ತೀನಿ, ನಾನೇ ನೋಡಿದ್ದೀನಲ್ಲ. ಗೆದ್ದೋರು ಎದ್ದು ಹೋಗಲ್ಲ. ಅದೇ ಅವ್ರ ಲಾಭ.”

“ನಾನು ಎದ್ದು ಹೋಗ್ತೀನಿ ಬಿಡು.”

“ಹಂಗಾದ್ರೆ ಇವತ್ತೇ ಹೋಗು. ಹಾಕಿರೋದು ವಾಪಸ್ ತೆಗಿ, ಬರುತ್ತಾ ನೋಡೋಣ.”

ಮನೆಯವರು ಆಡಿದರೆ ತಕ್ಷಣ ಕಂಪನಿಗೆ ತಿಳಿಸಬೇಕೆಂಬ ಕರಾರಿಗೆ ಕೆಲಸಕ್ಕೆ ಸೇರುವಾಗಲೇ ಅವಳು ಸಹಿ ಹಾಕಿದ್ದಳು. ಇವತ್ತೊಂದು ದಿನ ತಾನೆ, ನಾಳೆ ಅವನೇ ಬಿಡುತ್ತಾನೆ ಎಂದುಕೊಂಡು ಬಾಯಿ ಬಿಡಲಿಲ್ಲ.

ಎರಡೇ ದಿನದಲ್ಲಿ ಗಾನಿಯ ದುಡ್ಡು ವಾಪಸ್ ಬಂತು. ಬಾರದೇ ಇದ್ದಿದ್ದರೆ ಒಳ್ಳೆಯದಿತ್ತು. “ನೋಡಿದ್ಯಾ? ಬ್ಯಾಂಕಿನೋರು ಕೂಡ ಇಷ್ಟು ಬೇಗ ಕೊಡಲ್ಲ,” ಎಂದು ಅವನು ಮೆಸೇಜು ಕಳಿಸಿದ. ಮುಂದಿನ ವಾರ ದೋಣಿಗೆಂದು ಇಟ್ಟಿದ್ದ ಉಳಿತಾಯವನ್ನೇ ಅಲ್ಲಿಗೆ ಹಾಕಿದ.

ಅಲ್ಲಿಂದ ರೊವೆನಾಳಿಗೆ ನೆಮ್ಮದಿ ಎಂಬುದು ಇಲ್ಲವಾಯಿತು. ಪರದೆಯಲ್ಲಿ ಬರಾಕೊ7 ಕಂಡರೆ ಭಯವಾಗುತ್ತಿತ್ತು. ಕಾಣದಿದ್ದರೆ ಬೇರೆ ಮೇಜಿಗೆ ಹೋಗಿ ಕೂತನೇನೋ ಎಂದು ಇನ್ನಷ್ಟು. ಒಂದು ದಿನ ಮನೆಗೆ ಹೋಗುವಾಗ, ತನ್ನ ಕೋಣೆಯಿದ್ದ ಬಕ್ಲಾರಾನ್‌ನಲ್ಲಿ ಇಳಿಯಬೇಕಾದವಳು ಎರಡು ನಿಲ್ದಾಣ ಮುಂದೆ ಹೋಗಿ ಇಳಿದಳು. ಬಾಡಿಗೆ ಕೋಣೆಯ ಮಂಚದಲ್ಲಿ ಮಲಗಿದರೆ ಬೆರಳುಗಳು ತಾವಾಗಿಯೇ ಎಲೆ ಹಂಚುತ್ತಿದ್ದವು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತು ತನ್ನದೇ ಕಂಪನಿಯ ಜಾಲತಾಣದಲ್ಲಿ ‘ಹೊಸಬರಿಗೆ’ ಎಂಬ ಪುಟ ತೆರೆದು ಓದಿದಳು. ಲಾಭಗಳ ಪಟ್ಟಿ ಮುಗಿಯುವಂತೆಯೇ ಇರಲಿಲ್ಲ: ಮನೆಯಲ್ಲೇ ಕೂತು ಆಡಬಹುದು, ಬೋನಸ್ ಸಿಗುತ್ತದೆ, ಚೂರು ದುಡ್ಡಿದ್ದರೂ ಸಾಕು. ಅಪಾಯದ ಬಗ್ಗೆ ಕೊನೆಯಲ್ಲಿ ಒಂದೇ ಸಾಲು, ಜವಾಬ್ದಾರಿಯಿಂದ ಆಡಿ ಎಂದು. ಬೋನಸ್ ಕೊಟ್ಟ ಮೇಲೆ ಅದರ ಮೂವತ್ತು ಪಟ್ಟು ಆಡದೆ ಗೆದ್ದ ದುಡ್ಡನ್ನು ಮುಟ್ಟುವಂತಿಲ್ಲ ಎಂಬುದು ಬೇರೆಲ್ಲೋ ಸಾಸಿವೆಯಷ್ಟು ಅಕ್ಷರದಲ್ಲಿತ್ತು. ದುಡ್ಡು ಸಿಕ್ಕಿಹಾಕಿಕೊಂಡರೆ ಯಾರ ಬಾಗಿಲು ತಟ್ಟಬೇಕು ಎಂಬುದು ಎಲ್ಲೂ ಇರಲಿಲ್ಲ. ತೈವಾನಿನವನು, ಮನಿಲಾದ ಮೇಜು, ಕಾಣದ ದ್ವೀಪ. ಯಾವ ಪೊಲೀಸನಿಗೆ ಹೇಳುವುದು?

ಮೇ ಮೊದಲ ವಾರ ಗಾನಿ ಅವಳ ಮೇಜಿನಲ್ಲೇ ಗೆದ್ದ. ಒಂದಾದ ಮೇಲೊಂದು ಏಳು ಆಟ. ಏಳನೆಯದಕ್ಕೆ ಅವಳೇ ಒಂಬತ್ತನ್ನು ತಿರುಗಿಸಿದಳು. ಬೇಡವೆಂದರೂ ಮೈಯೆಲ್ಲ ಪುಳಕವೆದ್ದಿತು. ಅವನ ಮೂಲ ದುಡ್ಡು ಮೂರು ಪಟ್ಟಾಗಿತ್ತು.

“ತೆಗಿ ಕುಯಾ, ಈಗಲೇ ತೆಗಿ,” ಎಂದಳು ಫೋನಿನಲ್ಲಿ.

ಅವನೂ ಆ ದಿನವೇ ಕೇಳಿದ್ದ. ಆದರೆ ಈ ಸಲ ಕಂಪನಿ ಪಾಸ್‌ಪೋರ್ಟಿನ ಚಿತ್ರ ಕೇಳಿತು. ಕಳಿಸಿದ. ಮಸುಕಾಗಿದೆ, ಮತ್ತೆ ಕಳಿಸಿ ಎಂದಿತು. ಅದಾದ ಮೇಲೆ ವಿಳಾಸಕ್ಕೆ ಪುರಾವೆಯೆಂದು ಅವನ ಹೆಸರಿನಲ್ಲಿರುವ ಕರೆಂಟು ಬಿಲ್ಲು ಕೇಳಿತು. ಹಾಸ್ಟೆಲಿನಲ್ಲಿ ಎಂಟು ಜನರ ಕೋಣೆಯಲ್ಲಿ ಇರುವವನಿಗೆ ಎಲ್ಲಿಯ ಕರೆಂಟು ಬಿಲ್ಲು? ಕಾರ್ಖಾನೆಯ ಪತ್ರ ಆಗುವುದಿಲ್ಲ ಎಂದರು. ಹತ್ತು ದಿನ ಹೀಗೇ ಹೋಯಿತು. ಹನ್ನೊಂದನೆಯ ದಿನ ಅವಳ ಪರದೆಯ ಮೇಲೆ ಮತ್ತೆ ಬರಾಕೊ7.

ಅವನು ಆ ದುಡ್ಡನ್ನೇ ಇಟ್ಟು ಆಡುತ್ತಿದ್ದ. ತೆಗೆಯಲು ಬಾರದ ದುಡ್ಡು, ಆಡಲು ಮಾತ್ರ ಬರುತ್ತಿತ್ತು. ಅವಳು ಎಲೆ ಹಾಕಿದಳು, ಅವನು ಸೋತ. ಇನ್ನೊಂದು ಹಾಕಿದಳು, ಮತ್ತೆ ಸೋತ. ನಗುತ್ತಲೇ ಇರಬೇಕು, ಎದ್ದು ಹೋಗುವಂತಿಲ್ಲ, ಬೇಡ ಎನ್ನುವಂತಿಲ್ಲ. ಅಣ್ಣನ ಎಂಟು ವರ್ಷವನ್ನು ತನ್ನ ಕೈಯಾರೆ ಎಲೆಯೆಲೆಯಾಗಿ ಕಿತ್ತು ಕೊಡುತ್ತಿದ್ದೇನೆ ಅನ್ನಿಸಿತು. ಪಾಳಿ ಬದಲಿಸುವವಳು ಬಂದು ಹೆಗಲು ಮುಟ್ಟಿದಾಗ ಅವಳ ಅಂಗಿಯ ಬೆನ್ನು ತೊಯ್ದುಹೋಗಿತ್ತು.

ಅವಳು ಸಹಿ ಹಾಕಿದ್ದ ಆ ಕರಾರಿನಲ್ಲಿ ಇನ್ನೊಂದು ಮಾತೂ ಇತ್ತು. ನೌಕರರ ರಕ್ತಸಂಬಂಧಿ ಆಡಿದ್ದು ಗೊತ್ತಾದರೆ ಖಾತೆ ಮುಚ್ಚುತ್ತಾರೆ. ಗೆದ್ದದ್ದು ರದ್ದು, ಅವನು ಕೈಯಿಂದ ಹಾಕಿದ್ದು ವಾಪಸ್. ಖಾತೆಯಲ್ಲಿ ಇನ್ನೂ ಮೂಲಕ್ಕಿಂತ ಹೆಚ್ಚಿತ್ತು. ನಾಳೆ ಇರುತ್ತದೆಂದು ಹೇಳುವಂತಿರಲಿಲ್ಲ. ಅಣ್ಣನಿಗೆ ಮೊದಲು ಹೇಳಿದರೆ ಬೇಡ ಎನ್ನುತ್ತಾನೆ. ಹೇಳದೆ ಹೋದರೆ ಜನ್ಮದಲ್ಲಿ ಕ್ಷಮಿಸಲಿಕ್ಕಿಲ್ಲ. ಮೊಗಸಾಲೆಯಲ್ಲಿ ನಾಲ್ಕು ಸಲ ಆಚೆಯಿಂದೀಚೆಗೆ ನಡೆದು, ಐದನೇ ಸಲ ಮೇಲ್ವಿಚಾರಕಿ ಕ್ರಿಸ್ಟೆಟಾಳ ಬಾಗಿಲು ತಟ್ಟಿದಳು.

“ಎಷ್ಟು ದಿನದಿಂದ ಗೊತ್ತು ನಿಂಗೆ?” ಕ್ರಿಸ್ಟೆಟಾ ಕೇಳಿದಳು.

“ಐದು ವಾರ, ಮೇಡಂ.”

“ಮೊದಲನೇ ದಿನ ಹೇಳಿದ್ರೆ ಒಂದು ಎಚ್ಚರಿಕೆ ಪತ್ರದಲ್ಲಿ ಮುಗೀತಿತ್ತು. ಈಗ ನೀವಿಬ್ರೂ ಸೇರ್ಕೊಂಡು ಆಡಿದ್ರಿ ಅಂತಾರೆ. ಕೆಲಸ ಹೋಗುತ್ತೆ ರೊವೆನಾ. ಇನ್ನೂ ಕಾಗದ ಬರೆದಿಲ್ಲ. ನಾನು ಏನೂ ಕೇಳಿಸ್ಕೊಂಡಿಲ್ಲ ಅಂದ್ಕೋತೀನಿ, ಬೇಕಾದ್ರೆ ಎದ್ದು ಹೋಗು.”

“ಬರೀರಿ ಮೇಡಂ. ಅಂಗೈ ತೋರಿಸೋದು ನಂಗೆ ಅಭ್ಯಾಸ ಆಗಿದೆ. ಎರಡು ಕೈಯೂ ಕ್ಯಾಮೆರಾದಲ್ಲಿ ಇದೆ, ನೋಡಿಕೊಳ್ಳಿ.”

ಸಂಜೆಗೆ ಖಾತೆ ಮುಚ್ಚಿತು. ಗಾನಿಯ ಫೋನು ಬಂದಾಗ ಅವಳು ಬಕ್ಲಾರಾನ್ ಇಗರ್ಜಿಯ ಮುಂದೆ ಹೂವಿನ ಅಂಗಡಿಗಳ ನಡುವೆ ಸುಮ್ಮನೆ ಸುತ್ತುತ್ತಿದ್ದಳು.

“ನೀನೇ ಹೇಳಿದ್ದಾ?”

“ಹೂಂ.”

“ನಾನು ಗೆದ್ದಿದ್ದು ಅದು! ನಾನು! ಇನ್ನೊಂದು ಕಾಗದ ಕೊಟ್ಟಿದ್ರೆ ಬಂದ್ಬಿಡ್ತಿತ್ತು. ಹೊಟ್ಟೆಕಿಚ್ಚು ನಿಂಗೆ.”

“ಇನ್ನೊಂದು ಕಾಗದ ಕೊಟ್ಟಿದ್ರೆ ಮತ್ತೊಂದು ಕೇಳ್ತಿದ್ರು ಕುಯಾ.”

“ನಿಂಗೆ ಹೆಂಗೆ ಗೊತ್ತು?”

ಗೊತ್ತಿರಲಿಲ್ಲ. ಅದೇ ಅವಳನ್ನು ಕೊರೆದದ್ದು. ಬಂದರೂ ಬಂದಿರಬಹುದಿತ್ತು. ಅವನು ಫೋನ್ ಕಟ್ ಮಾಡಿದ.

ಮೂರು ವಾರದ ಮೇಲೆ ಅವನು ಹಾಕಿದ್ದು, ಅದೇನೋ ಶುಲ್ಕ ಕಳೆದು, ಅವನಿಗೆ ಮುಟ್ಟಿತು. ಅದನ್ನು ಅವಳಿಗೆ ಹೇಳಿದ್ದು ತಾಯಿ. ಗಾನಿ ತಂಗಿಯ ಜೊತೆ ಮಾತು ಬಿಟ್ಟಿದ್ದ. ಕೆಲಸ ಕಳೆದುಕೊಂಡ ರೊವೆನಾ ಲೆಮೆರಿಗೆ ಮರಳಿ ತಾಯಿಯ ಅಂಗಡಿಯ ಒಲೆಯ ಮುಂದೆ ನಿಂತಳು. “ಅವನು ಸಿಟ್ಟಿನವನು, ಬೇಗ ಇಳೀತಾನೆ,” ಎನ್ನುತ್ತಿದ್ದಳು ತಾಯಿ, ಏನು ನಡೆಯಿತೆಂದು ಪೂರ್ತಿ ತಿಳಿಯದೆ.

ಸತ್ತವರ ಹಬ್ಬಕ್ಕೆ ನವೆಂಬರಿನಲ್ಲಿ ಗಾನಿ ರಜೆ ಹಾಕಿ ಬಂದ. ತಂದೆಯ ಗೋರಿ ತೊಳೆದು ಸುಣ್ಣ ಬಳಿಯುವಾಗ ಇಬ್ಬರೂ ಒಂದೇ ಬಕೆಟ್ಟಿಗೆ ಕುಂಚ ಅದ್ದಿದರು. ತಾಯಿ ಮೇಣದಬತ್ತಿ ತರಲು ಹೋದಳು. ಗಾನಿ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದ. ಅವನ ಹೆಬ್ಬೆರಳು ಪರದೆಯ ಮೇಲೆ ಸರಿದದ್ದನ್ನು ನೋಡಿ ರೊವೆನಾಳ ಕುಂಚ ನಿಂತಿತು.

“ಆಡ್ತೀಯಾ ಈಗಲೂ?” ಕೇಳಿಯೇಬಿಟ್ಟಳು.

“ಎರಡು ಸಲ. ಬೇರೆ ಕಡೆ. ಆಗಸ್ಟಲ್ಲಿ. ಸೋತೆ. ಆಮೇಲೆ ಇಲ್ಲ.” ಮೊಬೈಲನ್ನು ಅವಳತ್ತ ಚಾಚಿದ. “ಬೇಕಾದ್ರೆ ನೋಡ್ಕೊ.”

ಅವಳು ತೆಗೆದುಕೊಂಡಳು. ಬಿಸಿಲಿಗೆ ಅದು ಕಾದಿತ್ತು. ಒಂದು ಬೆರಳು ಸರಿಸಿದರೆ ಗೊತ್ತಾಗುತ್ತಿತ್ತು; ಅಳಿಸಿಹಾಕಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ತೆರೆಯದೆ ಹಾಗೆಯೇ ವಾಪಸ್ ಕೊಟ್ಟಳು.

“ಆ ಮೂಲೆಗೆ ಸುಣ್ಣ ಹಚ್ಚೋದು ಬಿಟ್ಟಿದ್ದೀಯ,” ಎಂದಳು. ಗಾನಿ ಎದ್ದು ಕುಂಚ ಹಿಡಿದ.